ಪಂಢರಿಯ ಧುನ್ನಿನ ಹಿಂದಿನ ಸಪ್ಪಳ

ಅಂಗಡಿಯವರನ್ನು ನಾನು ನಂಬುವುದಿಲ್ಲ. ಅದರಲ್ಲೂ ಸೌಂಡ್ ಕಾರ್ಡ್ ಮಾರುವವರನ್ನು. ಅಂಗೈಯಗಲದ ಡಬ್ಬಿ, ಮುಂದೆ ತಿರುವು ಗುಂಡಿ, ಹಿಂದೆ ತೂತುಗಳು. ಒಳಗೇನಿದೆಯೋ ದೇವರೇ ಬಲ್ಲ. ಇದನ್ನು ಕೊಂಡರೆ ಸಿಂಥಸೈಜರಿನ ನಾದ ಇದ್ದಂತೆಯೇ ಕಂಪ್ಯೂಟರಿಗೆ ಇಳಿಯುತ್ತದೆ ಎಂದು ಹುಬ್ಬಳ್ಳಿಯ ಅಂಗಡಿಯಲ್ಲಿ ಶಿವಯೋಗೀಶ ಆಣೆ ಮಾಡಿದ. ಆಣೆ ಮಾಡಿದ್ದರಿಂದಲೇ ನನಗೆ ಸಂಶಯ ಬಂತು.

ಸಿಂಥಸೈಜರು ನನ್ನದಲ್ಲ, ಗೆಳೆಯ ಪಂಢರಿನಾಥನದು. ಅವನು ತೀರಿಕೊಂಡ ಮೇಲೆ ಒಂದು ಮಳೆಗಾಲ ಕಳೆಯಿತು. ಬೆಂಗೇರಿಯಲ್ಲಿ ನಮ್ಮ ಹಿಂದಿನ ಓಣಿಯೇ ಅವನದು. ಸಂಜೆ ಅವನು ಬಾರಿಸುತ್ತಿದ್ದ, ನಾನು ಎದುರು ಕೂತು ಚಹಾ ಕುಡಿಯುತ್ತಿದ್ದೆ. ನಮ್ಮ ಸ್ನೇಹಕ್ಕೆ ಇದಕ್ಕಿಂತ ದೊಡ್ಡ ಇತಿಹಾಸವಿಲ್ಲ. ಈಗ ಆ ಹೊತ್ತಿಗೆ ಚಹಾ ಕುಡಿಯುವುದನ್ನೇ ಬಿಟ್ಟಿದ್ದೇನೆ.

ಅವನೇ ಕಟ್ಟಿದ ಒಂದು ಧುನ್ ಮಾತ್ರ ಯಂತ್ರದ ನೆನಪಿನಲ್ಲಿ ಉಳಿದಿದೆ. ಯಂತ್ರಕ್ಕೂ ವಯಸ್ಸಾಗಿದೆ, ಯಾವತ್ತು ಮರೆಯುತ್ತದೋ. ಅವನ ಮಗಳು ಧನಶ್ರೀ ಅದನ್ನು ತಂದು ನಮ್ಮ ಮೇಜಿನ ಮೇಲಿಟ್ಟಳು.

"ಕಾಕಾ, ಅದು ಅಳಿಸಿ ಹೋಗೂದ್ರಾಗ ಕಂಪ್ಯೂಟರ್‌ಗೆ ಇಳಿಸಿ ಕೊಡ್ರಿ. ಅಪ್ಪಾನ ಕೈಯರ ಉಳೀಲಿ."

ಡಬ್ಬಿ ತಂದೆ, ವೈರು ಜೋಡಿಸಿದೆ, ರೆಕಾರ್ಡ್ ಮಾಡಿ ಕೇಳಿದೆ. ಧುನ್ ಬಂತು. ಅದರ ಹಿಂದೆ ಹೊಟ್ಟೆನೋವಿನವರು ನರಳಿದಂತೆ "ಹೂಂ... ಊಂ..." ಎಂಬ ಸಪ್ಪಳವೂ ಬಂತು.

"ಮೋಸ!" ಎಂದೆ.

"ಜೋಡಣಿ ಸರಿ ಅದನೋ ಇಲ್ಲೋ ಮೊದಲ ನೋಡ್ರಿ" ಎಂದಳು ಹೆಂಡತಿ ಸುಲಭಾ. (ಹೆಸರು ಮಾತ್ರ.)

ಬದಲಿಸಿ ಬೇರೆ ಕಂಪನಿಯ ಡಬ್ಬಿ ತಂದೆ. ಅದೇ ನರಳಾಟ, ಅದೇ ಜಾಗದಲ್ಲಿ. ಡಬ್ಬಿ ಬೇರೆ, ಒಳಗಿನ ಮಾಲು ಒಂದೇ! ಇನ್ನೂ ತುಟ್ಟಿಯದನ್ನು ತಂದೆ. ಈ ಸಲ ಊಂಕಾರದ ಜೊತೆಗೆ ಕುಕ್ಕರಿನ ಸೀಟಿಯೂ ಕೇಳಿಸಿತು.

"ನೋಡು, ತುಟ್ಟಿ ಮಾಲು ಎಷ್ಟು ಸೂಕ್ಷ್ಮ! ಸೀಟಿನೂ ವೈರಿನ್ಯಾಗ ಹೊಕ್ಕದ."

"ನಿಮ್ಮ ತಲ್ಯಾಗ ಏನೂ ಹೊಗವಲ್ದು!"

ಶಿವಯೋಗೀಶನ ಮೇಲೆ, ಕರೆಂಟಿನ ಮೇಲೆ, ಪಕ್ಕದ ಮನೆಯ ಮಿಕ್ಸರಿನ ಮೇಲೆ ಸಂಶಯಪಟ್ಟೆ. ಒಂದು ಕ್ಷಣ ಪಂಢರಿಯ ಮೇಲೂ. ನನ್ನನ್ನು ಕಾಡಿಸುವುದೆಂದರೆ ಅವನಿಗೆ ಬಲು ಇಷ್ಟವಿತ್ತು.

ಮರುದಿನ ರೆಕಾರ್ಡ್ ಮಾಡುವಾಗ ಸುಲಭಾ ಎದುರಿಗೇ ಕೂತಳು. ಧುನ್ ಅರ್ಧಕ್ಕೆ ಬಂದಾಗ ನನ್ನ ಬಾಯಿಯ ಮೇಲೆ ಕೈಯಿಟ್ಟಳು.

"ಊಂ ಅನ್ನಾಕತ್ತಿದ್ದು ಡಬ್ಬಿ ಅಲ್ರಿ, ನೀವು!"

ಕಂಪ್ಯೂಟರ್ ಇಷ್ಟು ದಿನವೂ ತನ್ನ ಸ್ವಂತ ಮೈಕಿನಿಂದಲೇ ಕೋಣೆಯ ಸದ್ದನ್ನೆಲ್ಲ ಹಿಡಿಯುತ್ತಿತ್ತು. ಡಬ್ಬಿಯಿಂದ ಹಿಡಿ ಎಂದು ಅದಕ್ಕೆ ನಾನು ಹೇಳಿರಲೇ ಇಲ್ಲ. ಮಹಾಸಂಶೋಧನೆಗೆ ಸುಲಭಾ ಎರಡು ಸಲ ಮೌಸ್ ಒತ್ತಿ ಮಂಗಳ ಹಾಡಿದಳು.

ಈಗ ಧುನ್ ಶುದ್ಧವಾಗಿ ಬಂತು. ಆದರೆ ನಡುನಡುವೆ ನಿಂತು ನಿಂತು. ಖಾಲಿ, ಮೌನ. ಯಂತ್ರ ಮರೆಯತೊಡಗಿತೇ ಎಂದು ಹೆದರಿದೆ. ಧನಶ್ರೀಯನ್ನು ಕರೆಸಿ, ಊಂ ಇದ್ದದ್ದು, ಇಲ್ಲದ್ದು ಎರಡೂ ಕೇಳಿಸಿದೆ. ಕೇಳುತ್ತ ಕೇಳುತ್ತ ಅವಳು ನಕ್ಕಳು.

"ಅದು ಕೆಟ್ಟಿಲ್ಲ ಕಾಕಾ. ಆ ಜಾಗಾ ಅಪ್ಪಾ ನಿಮಗಂತನ ಬಿಟ್ಟಿದ್ದಾ. 'ಇಲ್ಲೆ ಅಂವ ಊಂ ಅಂತಾನ, ನಾವು ಸುಮ್ಮನಿರಬೇಕು, ಇಲ್ಲಾಂದ್ರ ಇಬ್ಬರದೂ ಹಾಳಾಗ್ತದ' ಅಂತಿದ್ದಾ."

ನಾನು ಬಹಳ ಹೊತ್ತು ಕನ್ನಡಕ ಒರೆಸಿದೆ.

"ನನಗ ನಿಮ್ಮ ಊಂ ಇದ್ದದ್ದನ್ನ ಕೊಡ್ರಿ," ಎಂದಳು. "ಆದ್ರ ಕುಕ್ಕರ್ ಬ್ಯಾಡ್ರಿ."

"ಅಂದ್ರ ಊಂ ಅನ್ನಾಕ ಬ್ಯಾರೆ ಮೈಕ್ ತರಬೇಕು" ಎಂದು ಸುಲಭಾ ಚೀಲ ಕೈಗಿಟ್ಟಳು.

ಅಂಗಡಿಯಲ್ಲಿ ದೂರದಿಂದಲೇ ನನ್ನನ್ನು ಕಂಡ ಶಿವಯೋಗೀಶ ಎದ್ದು ನಿಂತ. "ಸರ, ಮತ್ತ ಸಪ್ಪಳಾ ಬರಾಕತ್ತೈತೇನ್ರಿ?"

"ಇಲ್ಲೋ ಮಾರಾಯಾ, ಬರೂದು ನಿಂತದ. ಅದು ಛಂದಾಗಿ ಬರೂ ಹಂಗ ಒಂದು ಛಲೋ ಮೈಕ್ ಕೊಡಪಾ."

ಅವನು ಮೈಕ್ ತೆಗೆಯಲಿಲ್ಲ. ಮೊದಲ ಸಲ, ಅಡಿಯಿಂದ ಮುಡಿಯವರೆಗೆ, ನನ್ನನ್ನೇ ಸಂಶಯದಿಂದ ನೋಡಿದ.