ಬಸ್ಸಿನಲ್ಲಿ ಅಂದ ಒಂದು ‘ಹೂಂ’

ಬೆಳಿಗ್ಗೆ ಎದ್ದು ಅಂಗಳ ಗುಡಿಸಿದೆ. ನಳ ಬಂದಿತ್ತು, ನೀರು ತುಂಬಿದೆ. ಹಾಲು ಕಾಸಿದೆ. ನಾಲ್ಕು ಜನರ ಅರಿವೆ ಒಗೆದು ಹಾಕಿದೆ. ಅಕ್ಕನ ಕಾಲಿನ ಪಟ್ಟಿ ಬಿಚ್ಚಿ, ದವಾಖಾನೆಯವರು ತೋರಿಸಿಕೊಟ್ಟ ಹಾಗೆ ತೊಳೆದು, ಹೊಸ ಪಟ್ಟಿ ಸುತ್ತಿದೆ. ಬೆಲ್ಲದ ಡಬ್ಬಿಯನ್ನು ಆಕೆಯ ಕೈಗೆ ಸಿಗದಂತೆ ಮೇಲಿನ ಮಾಡದಲ್ಲಿ ಅಡಗಿಸಿದೆ. ಹತ್ತು ಗಂಟೆಗೆ ಶಿಗ್ಗಾವಿಗೆ ಒಂದು ಫೋನು ಮಾಡಿದೆ. ಉಳಿದವೆಲ್ಲ ಕೈಯಿಂದ ಆಗುವ ಕೆಲಸ, ಆದವು. ಈ ಕೊನೆಯದು ನಾಲಿಗೆಯಿಂದ ಆಗಬೇಕಾದದ್ದು, ಸುಲಭಕ್ಕೆ ಆಗಲಿಲ್ಲ. ಸುಳ್ಳನ್ನು ಆಡುವುದು ಇಷ್ಟು ಸಲೀಸು, ವಾಪಸು ತೆಗೆದುಕೊಳ್ಳುವುದು ಇಷ್ಟು ತ್ರಾಸು ಎಂದು ಐವತ್ತೆರಡು ವರ್ಷ ಯಾರೂ ನನಗೆ ಹೇಳಿರಲಿಲ್ಲ. ಹಾಗೆ ನೋಡಿದರೆ ನಾನು ಸುಳ್ಳು ಹೇಳಲೂ ಇಲ್ಲ. ಬರೀ ‘ಹೂಂ’ ಅಂದೆ. ಆ ಒಂದು ‘ಹೂಂ’ಗೆ ಅಕ್ಕನ ಎಡಗಾಲಿನ ಕಿರುಬೆರಳು ಹೋಯಿತು.

ನಮ್ಮ ಮಗಳು ಪೂರ್ಣಿಮಾ ಪೋಲೆಂಡ್ ದೇಶದಲ್ಲಿ ಫೈನಾನ್ಸ್ ಓದುತ್ತಾಳೆ. ಮೂರು ವರ್ಷದ ಡಿಗ್ರಿ, ಎರಡು ಮುಗಿದಿದೆ. ನಮ್ಮ ಮನೆಯವರು ಅಕ್ಕಿಆಲೂರಿನ ಅಕ್ಕಿ ಗಿರಣಿಯಲ್ಲಿ ತೂಕದ ಚೀಟಿ ಬರೆಯುವವರು. ಅಂಥವರ ಮಗಳಿಗೆ ಅಲ್ಲಿಯ ಕಾಲೇಜಿನವರು ಅರ್ಧ ಫೀ ಬಿಟ್ಟುಕೊಟ್ಟು ಕರೆಸಿಕೊಂಡರು ಎಂದರೆ ನಾನು ಹಾನಗಲ್ಲಿನ ಓಣಿ ಓಣಿಯಲ್ಲಿ ಸಾರಿಕೊಂಡು ಬರಬೇಕಿತ್ತು. ಹೊರದೇಶಕ್ಕೆ ಓದಲು ಹೋದಳು ಎಂದು ಮೊದಮೊದಲು ಸಾರಿದೆ ಕೂಡ. ಆದರೆ ನಮ್ಮ ಕಡೆ ಫೈನಾನ್ಸ್ ಎಂಬ ಶಬ್ದಕ್ಕೆ ಒಂದೇ ಅರ್ಥ. ಕಂತು ತಪ್ಪಿದರೆ ಮನೆ ಮುಂದೆ ಬಂದು ಕೂಡುವವರು, ನಿಲ್ಲಿಸಿದ ಬೈಕು ನಿಲ್ಲಿಸಿದ ಹಾಗೆಯೇ ಎತ್ತಿಕೊಂಡು ಹೋಗುವವರು.

ಮಗಳು ಹೋದ ಹೊಸದರಲ್ಲಿ, ಸವಣೂರಿನಲ್ಲಿ ಖಾರದ ತಿಂಡಿ ಕಟ್ಟಿಸಿಕೊಳ್ಳುತ್ತ ಅವಳ ಮಾತು ತೆಗೆದಾಗ ಅಂಗಡಿಯ ಹೆಣ್ಣುಮಗಳು ಕೇಳಿದಳು, “ಮಗಳು ಹೊರದೇಶದಾಗ ಏನ್ ಕಲಿಯಾಕತ್ತಾಳ್ರಿ?” ಫೈನಾನ್ಸ್ ಅಂದೆ. ಪೊಟ್ಟಣಕ್ಕೆ ದಾರ ಸುತ್ತುತ್ತಿದ್ದ ಕೈ ನಿಂತಿತು. “ಅಯ್ಯ, ಅದನ್ನ ಕಲಿಯಾಕ ಅಷ್ಟು ದೂರ ಯಾಕ ಹೋಗಬೇಕಿತ್ರಿ ಬಾಯಾರ? ಹೋದ ತಿಂಗಳ ನಮ್ಮ ಮನಿಯವರ ಗಾಡಿ ಸೀಜ್ ಮಾಡ್ಕೊಂಡು ಹೋದರಲ್ಲ, ಅವರು ಇಲ್ಲೇ ಕಲಿತವರು, ಭಾಳ ಛಲೋ ಕಲತಾರ!” ಎಂದಳು. ಅಂಗಡಿಯಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ. ಆದರೆ ಮುಖ ಸಣ್ಣದಾಗಿತ್ತು.

ಅದೇ ಮುಖ ಹೊತ್ತುಕೊಂಡು ಬಸ್ಸು ಹತ್ತಿದರೆ, ಪಕ್ಕದ ಸೀಟಿನಲ್ಲಿ ಶಿಗ್ಗಾವಿಯ ಶಾಂತಕ್ಕ. ನಮಗೆ ದೂರದ ಬೀಗರ ಪೈಕಿ. ಯಾರ ಮನೆಯ ಸುದ್ದಿಯೂ ಆಕೆಯ ಹತ್ತಿರ ಹಳಸುವುದಿಲ್ಲ, ಅಷ್ಟು ಬೇಗ ಹಂಚಿಬಿಡುತ್ತಾಳೆ. “ಪೂರ್ಣಿ ಹೊರದೇಶಕ್ಕ ಹೋಗ್ಯಾಳಂತಲ್ಲ, ಡಾಕ್ಟರಕಿ ಕಲಿಯಾಕ?” ಅಂದಳು. ನಮ್ಮ ಕಡೆಯಿಂದ ಓದಲು ಹೊರದೇಶಕ್ಕೆ ಹೋದವರೆಲ್ಲ ಡಾಕ್ಟರಿಕೆಗೇ ಹೋದವರು. ಆಕೆಯದು ಪ್ರಶ್ನೆಯೂ ಅಲ್ಲ, ಉತ್ತರವನ್ನು ತಾನೇ ತಂದಿದ್ದಳು. ಮತ್ತೆ ಫೈನಾನ್ಸ್ ಅನ್ನಬೇಕು, ಮತ್ತೆ ಗಾಡಿ ಸೀಜ್ ಮಾಡಿದ ಕಥೆ ಕೇಳಬೇಕು. ಕಿಟಕಿಯ ಕಡೆ ನೋಡುತ್ತ ‘ಹೂಂ’ ಅಂದೆ.

ವಾರ ತುಂಬುವುದರೊಳಗೆ ನಾನು ಡಾಕ್ಟರಮ್ಮನ ತಾಯಿಯಾಗಿದ್ದೆ. ಆ ಸುಖವನ್ನು ಮುಚ್ಚಿಟ್ಟು ಪ್ರಯೋಜನವಿಲ್ಲ, ಚೆನ್ನಾಗಿಯೇ ಇತ್ತು. ಲಗ್ನದ ಮನೆಯಲ್ಲಿ ನನಗೆ ಚಾಪೆಯ ಬದಲು ಕುರ್ಚಿ ಬಂತು. ಬರಬರುತ್ತ ಫೋನಿಗೆ ಎಕ್ಸ್‌ರೇಗಳು ಬಂದವು, ಯಾರದೋ ನಾಲಿಗೆಯ ಫೋಟೋ ಬಂತು. “ಪೂರ್ಣಿಗೆ ತೋರಸ್ರಿ” ಎನ್ನುವರು. ನಾನು ಒಂದು ತಾಸು ಬಿಟ್ಟು, “ಬಿಸಿನೀರು ಕುಡೀರಿ ಅಂದಾಳ, ಎಣ್ಣಿದು ತಿನಬ್ಯಾಡ್ರಿ ಅಂದಾಳ” ಎಂದು ಉತ್ತರಿಸುವೆ. ಬಹಳ ಜನರಿಗೆ ಗುಣವೂ ಆಯಿತು. ಅದು ಇನ್ನೂ ಕೆಟ್ಟದ್ದಾಯಿತು.

ಹಿರೇಕೆರೂರಿನಲ್ಲಿರುವ ನನ್ನ ಅಕ್ಕ ಗಂಗವ್ವನಿಗೂ ಸುದ್ದಿ ಶಾಂತಕ್ಕನಿಂದಲೇ ಮುಟ್ಟಿತ್ತು. “ಡಾಕ್ಟರಕಿ ಕಲಿಯಾಕತ್ತಾಳಂತ ನನಗ ಒಂದು ಮಾತು ಹೇಳಲಿಲ್ಲಲ್ಲ” ಎಂದು ಆಕೆ ಸಿಟ್ಟಾದಳು. ಆಗಲಾದರೂ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಅಕ್ಕನಿಗೆ ಸಕ್ಕರೆ ಕಾಯಿಲೆ. ಯುಗಾದಿ ಆದ ಮೇಲೆ ಒಂದು ದಿನ ಫೋನು ಮಾಡಿ, “ಕಿರುಬೆರಳಿಗೆ ಚಪ್ಲಿ ಕಚ್ಚಿ ಹುಣ್ಣಾಗೇತಿ, ಮಾಯವಲ್ದು. ಪೂರ್ಣಿನ್ನ ಕೇಳಿ ಹೇಳು” ಅಂದಳು. ಆಗ ಪೂರ್ಣಿಗೆ ಪರೀಕ್ಷೆ. ಬೆಳಗಿನ ಜಾವ ಬೇಕರಿಯಲ್ಲಿ ಕೆಲಸ, ಆಮೇಲೆ ಕಾಲೇಜು. ಅವಳನ್ನು ಕೇಳಿದ್ದರೂ ಏನು ಹೇಳಿಯಾಳು? ನಾನು ಒಲೆಯ ಮುಂದೆ ನಿಂತೇ, “ಅರಿಷಿಣ ಹಚ್ಚು ಅಂದಾಳ” ಎಂದೆ. ಒಗ್ಗರಣೆ ಹೊತ್ತುತ್ತಿತ್ತು, ಫೋನು ಇಟ್ಟೆ.

ಅದೇ ವಾರ ಪೂರ್ಣಿ ಫೋನಿನಲ್ಲಿ ಖುಷಿಯಾಗಿದ್ದಳು. ಅವರವರ ಊರಿನಲ್ಲಿ ಜನ ಸಾಲ ಹೇಗೆ ಪಡೆಯುತ್ತಾರೆ ಎಂದು ಕ್ಲಾಸಿನ ಮುಂದೆ ಮಾತಾಡಬೇಕಿತ್ತಂತೆ. ಇವಳು ನಮ್ಮ ಓಣಿಯ ಹೆಣ್ಣುಮಕ್ಕಳ ಉಳಿತಾಯ ಸಂಘದ ಬಗ್ಗೆ, ನಾನು ಅದರ ಲೆಕ್ಕ ಬರೆಯುವುದರ ಬಗ್ಗೆ ಹೇಳಿದಳಂತೆ. “ನಿನ್ನ ಫೋಟೋ ದೊಡ್ಡ ಪರದೆ ಮ್ಯಾಲ ಹಾಕಿದ್ದೆ ಅವ್ವಾ. ಇಕಿ ನಮ್ಮವ್ವ, ನನಗ ಫೈನಾನ್ಸ್ ಮೊದಲು ಕಲಿಸಿದಾಕಿ ಅಂತ ಹೇಳಿದೆ. ಎಲ್ಲಾರೂ ಚಪ್ಪಾಳಿ ಹೊಡದರು” ಅಂದಳು. ನಾನು, “ಊಟಾ ಆತಾ?” ಎಂದು ಕೇಳಿದೆ. ಬೇರೆ ಏನು ಕೇಳಲಿ? ಅಲ್ಲಿ ಅವಳು ನನ್ನನ್ನು ಪರದೆಯ ಮೇಲೆ ತೋರಿಸುತ್ತಿದ್ದಾಗ ಇಲ್ಲಿ ನಾನು ಅವಳನ್ನು ಅಡಗಿಸಿ ಇಟ್ಟಿದ್ದೆ.

ರಜೆಗೆ ಬಂದವಳು ಮೊದಲ ಭಾನುವಾರವೇ ದೊಡ್ಡವ್ವನನ್ನು ನೋಡಬೇಕು ಅಂದಳು. ದಾರಿಯಲ್ಲಿ ಹೇಳಿಬಿಡೋಣ ಎಂದುಕೊಂಡೆ. ಬಸ್ಸು ಅಕ್ಕಿಆಲೂರು ದಾಟಿತು, ಹಿರೇಕೆರೂರು ಬಂದೇಬಿಟ್ಟಿತು, ನನ್ನ ಬಾಯಿ ತೆರೆಯಲಿಲ್ಲ. ಅಕ್ಕ ಕಟ್ಟೆಯ ಮೇಲೆ ಕಾಲು ಚಾಚಿ ಕುಳಿತೇ ಇದ್ದಳು.

“ಬಾರವಾ ಡಾಕ್ಟರಮ್ಮ! ನಿನ್ನ ಸಲುವಾಗಿನ ಕಾಲು ಕಾಯ್ದಿಟ್ಟೇನಿ. ಎಲ್ಲಾರೂ ದವಾಖಾನಿಗೆ ನಡಿ ಅಂತಾರ. ಮನಿ ಡಾಕ್ಟರ್ ಬರೂತನಕ ಮಂದಿಗೆ ಯಾಕ ತೋರಸ್ಲಿ?”

“ಯಾವ ಡಾಕ್ಟರ್ ದೊಡ್ಡವ್ವಾ?”

“ನೀನವಾ. ನೀ ಹೇಳಿದಂಗ ದಿನಾ ಎರಡು ಸಲ ಅರಿಷಿಣ ಹಚ್ಚಾಕತ್ತೇನಿ.”

ಪೂರ್ಣಿ ನನ್ನ ಕಡೆ ನೋಡಿದಳು. ನಾನು ಚಪ್ಪಲಿ ಸರಿಯಾಗಿ ಜೋಡಿಸಿ ಇಡುವುದರಲ್ಲಿ ಮಗ್ನಳಾಗಿದ್ದೆ. ಅವಳು ದೊಡ್ಡವ್ವನ ಕಾಲಿಗೆ ಸುತ್ತಿದ್ದ ಬಟ್ಟೆ ಬಿಚ್ಚಿದಳು. ಬೆರಳು ಕಪ್ಪಾಗಿತ್ತು. ತಕ್ಷಣ ಹೊರಗೆ ಹೋಗಿ ಕಾರು ಗೊತ್ತು ಮಾಡಿಕೊಂಡು ಬಂದಳು.

ಹಾವೇರಿಯ ದವಾಖಾನೆಯಲ್ಲಿ ಡಾಕ್ಟರರು ಅಂದದ್ದು ಇಷ್ಟೇ, “ಹದಿನೈದು ದಿನ ಮೊದಲ ಬಂದಿದ್ರ ಬೆರಳು ಉಳೀತಿತ್ತು. ಇನ್ನ ತಡಾ ಮಾಡಿದ್ರ ಪಾದಾನ ಹೋಗ್ತೇತಿ.” ಮರುದಿನ ಬೆರಳು ತೆಗೆದರು. ಅಕ್ಕನಿಗೆ ಮಂಪರು ಇಳಿದ ಮೇಲೆ ಪೂರ್ಣಿ ಮಂಚದ ಪಕ್ಕ ಕುಳಿತು, “ದೊಡ್ಡವ್ವಾ, ನಾ ಡಾಕ್ಟರ್ ಅಲ್ಲ. ಫೈನಾನ್ಸ್ ಓದಾಕತ್ತೇನಿ” ಅಂದಳು. ನಾನು ಅಳುತ್ತ ಉಳಿದದ್ದನ್ನೆಲ್ಲ ಒಪ್ಪಿಸಿದೆ. ಅಕ್ಕ ತಲೆ ಎತ್ತಿ ಕಾಲಿನ ಪಟ್ಟಿ ನೋಡಿಕೊಂಡಳು. ಆಮೇಲೆ, “ಫೈನಾನ್ಸಾ? ಹಂಗಾರ ಬೆರಳು ಸೀಜ್ ಆತಂತ ತಿಳ್ಕೋತೇನಿ ಬಿಡು” ಅಂದಳು. ಪಕ್ಕದ ಮಂಚದವರೂ ನಕ್ಕರು. ಪೂರ್ಣಿ ನಗಲಿಲ್ಲ. ಬೈದಿದ್ದರೆ ನನಗೆ ಹಗುರಾಗುತ್ತಿತ್ತು. ಬೈಯಲೂ ಇಲ್ಲ. “ಯಾರ್ಯಾರಿಗೆ ಡಾಕ್ಟರ್ ಅಂದೀಯೋ, ಅವರಿಗೆಲ್ಲಾ ನೀನ ಫೋನ್ ಹಚ್ಚಿ ಹೇಳಬೇಕು. ನಾ ಮುಂದ ಕುಂದರ್ತೇನಿ” ಅಂದಳು.

ಅಕ್ಕನನ್ನು ನಮ್ಮ ಮನೆಗೇ ಕರೆತಂದೆವು. ಹಾನಗಲ್ಲಿನವರಿಗೆ ಹೇಳಿ ಮುಗಿಸಿದೆ, ಅಕ್ಕಿಆಲೂರಿನವರಿಗೂ ಹೇಳಿದೆ. ಇವತ್ತು ಹತ್ತು ಗಂಟೆಗೆ ಶಾಂತಕ್ಕ. ಪೂರ್ಣಿ ಎದುರಿಗೆ ಕುಳಿತು ಸ್ಪೀಕರ್ ಹಾಕಿದಳು.

“ಶಾಂತಕ್ಕ, ನಮ್ಮ ಪೂರ್ಣಿ ಕಲಿಯೂದು ಡಾಕ್ಟರಕಿ ಅಲ್ರಿ, ಫೈನಾನ್ಸ್.”

“ಅಯ್ಯ ಪಾಪ! ಯಾವ ವರ್ಷಕ್ಕ ಫೇಲಾದ್ಲ್ರಿ?”

“ಫೇಲ್ ಆಗಿಲ್ರಿ. ಮೊದಲಿಂದ ಫೈನಾನ್ಸೇ. ಕ್ಲಾಸಿನಾಗ ಎರಡನೇದಾಕಿ.”

“ಇರ್ಲಿ ಬಿಡ್ರಿ, ತಾಯಿ ಕರಳು ಹಂಗ ಹೇಳಸ್ತೇತಿ. ನನಗ ತಿಳೀತು. ನೀವೇನ್ ಚಿಂತಿ ಮಾಡಬ್ಯಾಡ್ರಿ, ನಾ ಯಾರ ಮುಂದೂ ಹೇಳೂದಿಲ್ಲ.”

ಅಂದರೆ ಸಂಜೆಯೊಳಗೆ ನಾಲ್ಕು ತಾಲೂಕಿಗೂ ಮುಟ್ಟುತ್ತದೆ. ನಾನು ಇನ್ನೂ “ಹಂಗಲ್ರಿ, ಹಂಗಲ್ರಿ” ಎನ್ನುತ್ತಿದ್ದೆ, ಆಕೆ ಸಮಾಧಾನ ಹೇಳುತ್ತಲೇ ಇದ್ದಳು. ಪೂರ್ಣಿ ಕೈ ಚಾಚಿ ಫೋನು ಬಂದ್ ಮಾಡಿದಳು. “ಸಾಕ್ ಬಿಡು ಅವ್ವಾ. ನೀ ಹೇಳಿದಷ್ಟೂ ನಾ ಫೇಲ್ ಆಗ್ತೇನಿ” ಎಂದು ಎದ್ದುಹೋಗಿ ಹಿಟ್ಟು ನಾದಲು ಕುಳಿತಳು. ಎರಡು ವರ್ಷ ಪರದೇಶದ ಚಳಿಯಲ್ಲಿ ಬನ್ನು ಬೇಯಿಸಿ ಓದಿ ಪಾಸಾದವಳನ್ನು ಒಂದೇ ಫೋನಿನಲ್ಲಿ ಫೇಲು ಮಾಡಿದ ತಾಯಿ ನಾನು.

ಮಧ್ಯಾಹ್ನ ಜೋಳದ ರೊಟ್ಟಿ, ಮೆಂತ್ಯೆ ಪಲ್ಯ, ಶೇಂಗಾ ಚಟ್ನಿ, ಮೊಸರು. ಪೂರ್ಣಿ ಎರಡು ರೊಟ್ಟಿ ತಿಂದಳು, ನಾನು ಒಂದು. ಅಕ್ಕ ನಾಲ್ಕನೆಯದಕ್ಕೆ ಕೈ ಚಾಚಿದಳು. “ಬ್ಯಾಡ ಅಕ್ಕ, ಸಕ್ರಿ ಏರ್ತೇತಿ” ಎಂದೆ. “ಯಾಕ, ನೀ ಏನ್ ಡಾಕ್ಟರೇನ?” ಎಂದು ರೊಟ್ಟಿ ಎಳೆದುಕೊಂಡಳು. ಆಗ ಪೂರ್ಣಿ ಫಕ್ಕನೆ ನಕ್ಕಳು, ಬಂದಾಗಿನಿಂದ ಮೊದಲ ಸಲ. ನನ್ನ ಕಡೆ ನೋಡಿ ಅಲ್ಲ, ಆಕೆಯ ಕಡೆ ನೋಡಿ. ಊಟವಾದ ಮೇಲೆ ಅಕ್ಕ ಕಾಲನ್ನು ದಿಂಬಿನ ಮೇಲಿಟ್ಟು ಎಲ್ಲರಿಗಿಂತ ಮೊದಲು ಮಲಗಿದಳು. ಪೂರ್ಣಿ ದೊಡ್ಡವ್ವನ ಮಗ್ಗುಲಲ್ಲೇ ಚಾಪೆ ಹಾಸಿಕೊಂಡಳು, ಅವಳಿಗೂ ನಿದ್ದೆ ಹತ್ತಿತು. ನಾನು ತಾಟು ತೊಳೆದಿಟ್ಟು ಬಂದು, ಉಳಿದ ಜಾಗದಲ್ಲಿ ಗೋಡೆಗೆ ಆತು ಕುಳಿತೆ.