ಷಡ್ಡಕನ ಬ್ಯಾಂಡು ನಮ್ಮನೆ ಪಂಕ್ತಿಯಲ್ಲಿ

ನನ್ನ ಹೆಂಡತಿಯ ತಂಗಿ ಲಂಡನ್ನಿನಲ್ಲಿ ಮದುವೆಯಾದದ್ದು ರಾಕ್ ಬ್ಯಾಂಡಿನ ಒಬ್ಬ ಇಂಗ್ಲಿಷ್ ಡ್ರಮ್ಮರನ್ನು. ಹಾಗಾಗಿ ಅವನು ನನಗೆ ಷಡ್ಡಕ, ಬ್ಯಾಂಡಿನ ಐವರೂ ಶಿಕಾಗೋ ಪಕ್ಕದ ಬೋಲಿಂಗ್‌ಬ್ರೂಕಿನ ನಮ್ಮ ಮನೆಗೆ ನೆಂಟರು. ಅವರು ಅಮೆರಿಕ ಟೂರಿಗೆ ಬಂದಾಗಲೆಲ್ಲ ಏನಾದರೊಂದು ಆಗಿಯೇ ತೀರುತ್ತದೆ.

೧. ಮೊದಲ ಟೂರು

ಆಗ ಅವರ ಹೆಸರು ಯಾರಿಗೂ ಗೊತ್ತಿರಲಿಲ್ಲ. ಹೋಟೆಲಿನ ಬದಲು ನಮ್ಮ ಬೇಸ್‌ಮೆಂಟಿನಲ್ಲೇ ಸಾಲಾಗಿ ಮಲಗಿದರು. ನಮ್ಮ ಜೊತೆಗಿರುವ ಅತ್ತೆಗೆ ಕಿರಿಯ ಅಳಿಯನ ಕೆಲಸ ಹೇಳಿಕೊಳ್ಳಲು ಸಂಕೋಚ. ಪಕ್ಕದ ಮನೆಯ ಹುಬ್ಬಳ್ಳಿ ಅಂಕಲ್ ವಿಚಾರಿಸಿದಾಗ, ಟೂರ್ ಮೇಲೆ ಬಂದಿದ್ದಾರೆ ಎಂದಷ್ಟೇ ಹೇಳಿದರು. ಅಂಕಲ್ ಉದ್ದ ಕೂದಲಿನ ಐವರನ್ನೂ ಕನಿಕರದಿಂದ ನೋಡಿದರು.

"ಪ್ರಾಜೆಕ್ಟ್ ಭಾಳ ತ್ರಾಸ್ ಐತೇನ್ರಿ? ಕಟಿಂಗ್ ಮಾಡಿಸ್ಲಿಕ್ಕೂ ಟೈಮ್ ಕೊಟ್ಟಿಲ್ಲ."

೨. ಪ್ರಮೋಷನ್

ಎರಡನೇ ಆಲ್ಬಮ್ ಗೆದ್ದಿತು. ಶಿಕಾಗೋದ ದೊಡ್ಡ ಥಿಯೇಟರಿನಲ್ಲಿ ಶೋ. ಅತ್ತೆ ಕಿವಿಗೆ ಹತ್ತಿ ತುರುಕಿಕೊಂಡು ಕೊನೆಯವರೆಗೂ ಕೂತರು. ಆಮೇಲೆ ಬ್ಯಾಂಡಿನ ಮ್ಯಾನೇಜರನ್ನು ತಡೆದು ನಿಲ್ಲಿಸಿ, ತರ್ಜುಮೆಗೆ ನನ್ನನ್ನು ಕರೆದರು.

"ಎಲ್ಲರಿಗಿಂತ ಜಾಸ್ತಿ ಬೆವರಿದ್ದು ನಮ್ಮ ಅಳಿಯಂದಿರು. ಇನ್ನೂ ಹಿಂದೇನೇ ಕೂರಿಸಿದಾರಲ್ಲ, ಪ್ರಮೋಷನ್ ಯಾವಾಗಂತೆ ಕೇಳಿ."

ಅತ್ತೆಗೆ ಡ್ರಮ್ಸ್ ತುಂಬಾ ಹಿಡಿಸಿತಂತೆ ಎಂದು ನಾನು ಮ್ಯಾನೇಜರಿಗೆ ಹೇಳಿ ಪಾರಾದೆ.

೩. ಕೊನೆಯ ಊಟ

ಮೂರನೇ ಟೂರಿನ ಹೊತ್ತಿಗೆ ಗಾಯಕನಿಗೂ ಗಿಟಾರಿನವನಿಗೂ ಮಾತು ಬಿಟ್ಟಿತ್ತು. ಮರುದಿನ ಡೆಟ್ರಾಯ್ಟ್‌ನಲ್ಲಿ ಶೋ. ಗಿಟಾರಿನವನು ಮಾತ್ರ ಊಟ ಮುಗಿಸಿ ಏರ್‌ಪೋರ್ಟಿಗೆ ಹೋಗುತ್ತೇನೆ, ಲಂಡನ್ನಿಗೆ ವಾಪಸ್ಸು ಎಂದುಬಿಟ್ಟ. ಅವನು ಹೋದರೆ ಬ್ಯಾಂಡ್ ಮುಗಿಯಿತು. ಡ್ರಮ್ ಬಿಟ್ಟು ಬೇರೇನೂ ಬಾರದ ಷಡ್ಡಕನ ಮುಖ ನೋಡಿ ನನಗೆ ನಿಜಕ್ಕೂ ಸಂಕಟವಾಯಿತು.

ಅತ್ತೆ ಬಾಳೆಲೆ ಹಾಕಿಸಿ ಐವರನ್ನೂ ನೆಲದ ಮೇಲೆ ಕೂರಿಸಿದರು. ಪಂಕ್ತಿಯಲ್ಲಿ ಎಲ್ಲರದೂ ಮುಗಿಯುವವರೆಗೆ ಯಾರೂ ಏಳುವಂತಿಲ್ಲ ಎಂದು ನನ್ನಿಂದ ಹೇಳಿಸಿದರು. ಗಿಟಾರಿನವನು ಗಬಗಬ ತಿಂದು ಮುಗಿಸಿದ. ಗಾಯಕ ಸಭ್ಯಸ್ಥ, ಬಡಿಸಿದ್ದನ್ನು ಬಿಡಬಾರದೆಂದು ಎಲೆ ಖಾಲಿ ಮಾಡುತ್ತಿದ್ದ. ಎಲೆ ಖಾಲಿ ಕಂಡರೆ ಅತ್ತೆ ಸುಮ್ಮನಿರುತ್ತಾರೆಯೇ? ಮತ್ತೆ ಅನ್ನ, ಮತ್ತೆ ಸಾರು. ಹೊರಗೆ ಗಿಟಾರಿನವನು ಕರೆಸಿದ್ದ ಟ್ಯಾಕ್ಸಿ ಹಾರ್ನ್ ಹೊಡೆಯತೊಡಗಿತು.

ಗಿಟಾರಿನವನು ತಡೆಯಲಾರದೆ ಗಾಯಕನ ಕಡೆ ತಿರುಗಿದ. "ಎಲೆ ಮೇಲೆ ಕೈ ಅಡ್ಡ ಹಿಡಿಯೋ. ಇಲ್ಲಾಂದ್ರೆ ನಾವಿಬ್ರೂ ಇಲ್ಲೇ ಮುದುಕರಾಗ್ತೀವಿ."

ಗಾಯಕನಿಗೆ ನಗು ಬಂದು ಸಾರು ನೆತ್ತಿಗೇರಿತು. ಗಿಟಾರಿನವನು ಅವನ ತಲೆ ತಟ್ಟುತ್ತಾ ತಾನೂ ನಕ್ಕ. ನಕ್ಕು ಸುಸ್ತಾದ ಮೇಲೆ, ಡೆಟ್ರಾಯ್ಟ್‌ಗೆ ಎಷ್ಟು ಹೊತ್ತಿಗೆ ಹೊರಡಬೇಕು ಎಂದು ಅವನೇ ಕೇಳಿದ.

ಟ್ಯಾಕ್ಸಿ ಹೋಯಿತೇ ನೋಡಿ ಎಂದು ಅತ್ತೆ ನನ್ನನ್ನು ಕಿಟಕಿಗೆ ಅಟ್ಟಿದರು. ಹೋಯಿತು ಎಂದೆ.

"ಹಾಗಾದ್ರೆ ಇನ್ನು ಏಳಬಹುದು ಅಂತ ಹೇಳಿ," ಎಂದು ಸೌಟು ಕೆಳಗಿಟ್ಟರು.