ಹತ್ತನೆಯ ಮಗುವಿನ ಎಡಗಿವಿ

ನಮ್ಮತ್ತೆಯನ್ನು ನೀವು ಮನೆಗೆ ಕರೀಬೇಕು ಅಂತಿದ್ದರೆ, ಮೊದಲು ಮನೆಯಲ್ಲಿರೋ ಸಣ್ಣ ಮಕ್ಕಳನ್ನೆಲ್ಲ ಅಟ್ಟ ಹತ್ತಿಸಿಬಿಡಿ! ಹೆದರಬೇಡಿ, ಅವಳು ಹೊಡೆಯೋಳಲ್ಲ, ಬೈಯೋಳೂ ಅಲ್ಲ. ಚಪ್ಪಲಿ ಬಿಡೋದಕ್ಕೆ ಮುಂಚೆಯೇ ಕೈಗೆ ಸಿಕ್ಕ ಮಗುವನ್ನು ನೆಟ್ಟಗೆ ನಿಲ್ಲಿಸಿ, "ಎಲ್ಲಿ, ಬಲಗೈನ ತಲೆ ಮೇಲಿಂದ ತಂದು ಎಡಗಿವಿ ಮುಟ್ಟು" ಅಂತಾಳೆ, ಅಷ್ಟೇ. ಮುಟ್ಟಿದರೆ ಆ ಮಗು ಸ್ಕೂಲಿಗೆ ಸೇರೋ ಹಾಗಾಗಿದೆ ಅಂತ ಅವಳ ತೀರ್ಪು. ಕಾಫಿ, ಕುಶಲೋಪರಿ ಎಲ್ಲ ಆಮೇಲೆ.

ಹುಟ್ಟಿದ ದಿನ ಯಾರಿಗೂ ನೆನಪಿರದ ಕಾಲದಲ್ಲಿ ಹಳ್ಳಿ ಶಾಲೆಗಳಲ್ಲಿ ಇದೇ ಪರೀಕ್ಷೆ ನಡೀತಿತ್ತು. ಕೈ ಕಿವಿಗೆ ಎಟುಕಿದರೆ ವಯಸ್ಸಾಗಿದೆ, ಎಟುಕದಿದ್ದರೆ ಮುಂದಿನ ವರ್ಷ ಬಾ. ನಾನೂ ಇದೇ ಪರೀಕ್ಷೆ ಬರೆದವಳೇ, ಅದೂ ಅತ್ತೆಯ ಕೈಯಲ್ಲೇ. ನನ್ನ ಮಾರ್ಕ್ಸ್ ಕಾರ್ಡುಗಳನ್ನು ನೋಡಿದವರಿಗೆ ಗೊತ್ತು, ನಾನು ಒಂದೇ ಏಟಿಗೆ ಪಾಸಾದ ಪರೀಕ್ಷೆ ಅಂದರೆ ಅದೊಂದೇ! ಈಗ ಕಾಲ ಬದಲಾಗಿದೆ, ಜನನ ಪತ್ರ ಬಂದಿದೆ, ಕಂಪ್ಯೂಟರ್ ಬಂದಿದೆ. ನಮ್ಮತ್ತೆ ಮಾತ್ರ ಕಿವಿ ಬಿಟ್ಟು ಕದಲಿಲ್ಲ.

ಅವಳು ನಮ್ಮಪ್ಪನ ತಂಗಿ. ಅಮೃತೂರಿನ ಪಕ್ಕದ ಒಂದು ಸಣ್ಣ ಊರಿನ ಸರ್ಕಾರಿ ಶಾಲೆಯ ಟೀಚರು. ಹೆಡ್‌ಮಿಸ್ಸೂ ಅವಳೇ, ಗುಮಾಸ್ತೆಯೂ ಅವಳೇ, ಬೆಲ್ ಹೊಡೆಯೋಳೂ ಅವಳೇ. ಇಡೀ ಶಾಲೆಗೆ ಒಬ್ಬಳೇ ಟೀಚರು, ಒಂಬತ್ತು ಮಕ್ಕಳು. ಬಿಸಿಯೂಟದ ಅಡುಗೆಯವಳನ್ನು ಸೇರಿಸಿದರೆ ಹನ್ನೊಂದು ಜನ, ಮಧ್ಯಾಹ್ನ ಊಟಕ್ಕೆ ಬರೋ ನಾಯಿ ಸೇರಿಸಿದರೆ ಹನ್ನೆರಡು! ಮಕ್ಕಳು ಕಮ್ಮಿ ಅಂತ ಅನುದಾನ ಕಮ್ಮಿ, ಅನುದಾನ ಕಮ್ಮಿ ಅಂತ ಹೆಂಚು ಸೋರುತ್ತೆ, ಹೆಂಚು ಸೋರುತ್ತೆ ಅಂತ ಮಕ್ಕಳು ಕಮ್ಮಿ. ಇದರ ಮೇಲೆ ಹೊಸದೊಂದು ಸುದ್ದಿ ಹುಟ್ಟಿತ್ತು. ಹತ್ತು ಮಕ್ಕಳಿಲ್ಲದ ಶಾಲೆಗಳನ್ನು ಪಕ್ಕದೂರಿನ ದೊಡ್ಡ ಶಾಲೆಗೆ ಸೇರಿಸ್ತಾರಂತೆ ಅಂತ.

"ಸೇರಿಸ್ಲಿ ಬಿಡು ಅತ್ತೆ, ನಿನಗೇನು? ಮುಂದಿನ ವರ್ಷ ರಿಟೈರ್ ಆಗ್ತೀಯ" ಅಂದೆ ನಾನು.

"ಅದಕ್ಕೇ ಕಣೇ ಹೇಳೋದು. ಹೋಗೋವಾಗ ಬೀಗದಕೈನ ಇನ್ನೊಬ್ಬ ಟೀಚರ್ ಕೈಗೆ ಕೊಟ್ಟು ಹೋಗ್ಬೇಕು, ಆಫೀಸ್‌ನೋರ ಬೀರುವಿಗಲ್ಲ. ನಾನು ಓದಿದ ಸ್ಕೂಲಿಗೆ ನಾನೇ ಬೀಗ ಜಡಿದು ಬರ್ಲಾ?"

ಅವತ್ತಿನಿಂದ ಶುರುವಾಯಿತು ನೋಡಿ ಹತ್ತನೇ ಮಗುವಿನ ಬೇಟೆ.

ಕುಣಿಗಲ್‌ನಿಂದ ಹೊರಟ ಪ್ರೈವೇಟ್ ಬಸ್ಸಲ್ಲಿ ಒಬ್ಬ ತಾಯಿ ಮಗನನ್ನು ತೊಡೆ ಮೇಲೆ ಮಡಚಿ ಕೂರಿಸಿಕೊಂಡು, "ಇನ್ನೂ ನಾಲ್ಕು ವರ್ಷ, ಟಿಕೆಟ್ ಬೇಡ" ಅಂತ ಕಂಡಕ್ಟರ್ ಜೊತೆ ವಾದ ಮಾಡ್ತಿದ್ದಳಂತೆ. ಪಕ್ಕದಲ್ಲಿ ಕೂತಿದ್ದವಳು ನಮ್ಮತ್ತೆ. ಸುಮ್ಮನಿರಬೇಕೋ ಬೇಡವೋ? ಹುಡುಗನ ಕೈ ಹಿಡಿದು ತಲೆ ಮೇಲೆ ಹಾಕಿದಳು. ಕೈ ಕಿವಿ ದಾಟಿ ಕೆನ್ನೆಗೆ ಬಂತು! "ಆರು ತುಂಬಿ ತಿಂಗಳುಗಳೇ ಆಗವೆ, ಅರ್ಧ ಟಿಕೆಟ್ ಹರೀರಿ" ಅಂದಳು. ಆ ತಾಯಿ ಎರಡು ಸ್ಟಾಪಿನವರೆಗೂ ನಮ್ಮತ್ತೆಯ ವಂಶವನ್ನೆಲ್ಲ ಜಾಲಾಡಿದಳು. ಅತ್ತೆ ಬೇಜಾರೇ ಮಾಡಿಕೊಳ್ಳದೆ ಆ ಟಿಕೆಟ್ಟಿನ ದುಡ್ಡು ತಾನೇ ಕೊಟ್ಟು, "ಯಾವೂರವ್ವ?" ಅಂತ ಕೇಳಿದಳು. ಪಕ್ಕದೂರಿನವರು. ಪಕ್ಕದೂರಿನ ಶಾಲೆಯಲ್ಲಿ ಹುಡುಗ ಆಗಲೇ ಒಂದನೇ ಕ್ಲಾಸು! ದಂಡ ತೆತ್ತದ್ದೂ ಆಯಿತು, ಬೈಸಿಕೊಂಡದ್ದೂ ಆಯಿತು.

ಗುಬ್ಬಿಯಲ್ಲಿ ನಮ್ಮ ನೆಂಟರ ಮದುವೆ. ಎಲ್ಲರೂ ಅಕ್ಷತೆ ಹಾಕಿ ನೂರು ಕಾಲ ಬಾಳಿ ಅಂದರೆ, ನಮ್ಮತ್ತೆ ಮದುಮಗಳ ಕಿವಿಯ ಹತ್ತಿರ ಬಗ್ಗಿ, "ಮುಂದಿನ ಮೇ ತಿಂಗಳೊಳಗೆ ತೊಟ್ಲು ತೂಗ್ಬೇಕು ಕಣವ್ವ. ಜೂನ್ ಒಂದು ದಾಟಿದ್ರೆ ಮಗೀಗೆ ಒಂದು ವರ್ಷ ಲಾಸು" ಅಂದಳು. ಜೂನ್ ಒಂದಕ್ಕೆ ಆರು ತುಂಬಿದ್ದರೇ ಒಂದನೇ ಕ್ಲಾಸಿಗೆ ಸೇರಿಸಬೇಕು ಅಂತ ಕಾನೂನು ಇದೆಯಲ್ಲ, ಅದರ ಪ್ರಕಾರ ಆಶೀರ್ವಾದ! ಮದುಮಗಳು ಪಾಪ ಕಕ್ಕಾಬಿಕ್ಕಿ. ನಾನು ಅತ್ತೆಯ ಸೆರಗು ಹಿಡಿದು ಕೆಳಗಿಳಿಸಿದೆ. "ಅತ್ತೆ, ಅವರಿರೋದು ಗುಬ್ಬೀಲಿ. ಆ ಮಗು ನಿನ್ನ ಸ್ಕೂಲಿಗೆ ಬರುತ್ತಾ?" ಅಂದೆ.

"ಬರ್ದೆ ಇದ್ರೆ ಇರ್ಲಿ ಬುಡು. ಗುಬ್ಬೀಲೂ ಯಾರೋ ಒಬ್ಬ ಮೇಷ್ಟ್ರು ಕಾಯ್ಕಂಡು ಕೂತಿರ್ತಾನೆ" ಅಂದಳು.

ಕೊನೆಗೂ ಹತ್ತನೇ ಮಗು ಸಿಕ್ಕಿತು, ಸ್ವಂತ ಊರಲ್ಲೇ! ಅಮೃತೂರಿನಲ್ಲಿ ಪಂಕ್ಚರ್ ಅಂಗಡಿ ಇಟ್ಟು, ಊರಲ್ಲೇ ಮನೆ ಮಾಡಿಕೊಂಡಿರೋ ಒಬ್ಬನ ಮಗಳು. ಅವನೂ ಅತ್ತೆಯ ಹಳೇ ಶಿಷ್ಯನೇ. ಬೇರೆಯವರ ಮಕ್ಕಳು ಹಳದಿ ವ್ಯಾನು ಹತ್ತಿ ಕಾನ್ವೆಂಟಿಗೆ ಹೋಗ್ತಿದ್ದರೂ, "ನನ್ ಮಗ್ಳು ನಮ್ ಮೇಡಂ ಹತ್ರಾನೇ ಓದೋದು" ಅಂತ ಪಟ್ಟು ಹಿಡಿದಿದ್ದ. ಅತ್ತೆ ಖುಷಿಯಲ್ಲಿ ಜನನ ಪತ್ರ ತೆಗೆದು ನೋಡಿದಳು. ಹುಟ್ಟಿದ್ದು ಜೂನ್ ಮೂರು! ಆರು ತುಂಬೋದಕ್ಕೆ ಎರಡೇ ಎರಡು ದಿನ ಕಮ್ಮಿ.

"ಡಾಕ್ಟ್ರು ಮೇ ತಿಂಗಳಲ್ಲೇ ಆಪರೇಷನ್ ಮಾಡ್ತೀನಿ ಅಂದಿದ್ರು ಮೇಡಂ" ಅಂದ ಅವನು, ತಲೆ ಕೆರೆದುಕೊಳ್ಳುತ್ತಾ. "ನಮ್ಮವ್ವ ಅಮಾವಾಸ್ಯೆ ಕಳೀಲಿ ಅಂತ ತಡೆದ್ಬುಟ್ಳು."

ಅತ್ತೆ ಪಕ್ಕದಲ್ಲೇ ಇದ್ದ ಆ ಅಜ್ಜಿಯ ಕಡೆ ತಿರುಗಿ, "ನೋಡವ್ವ, ನಿನ್ ಅಮಾವಾಸ್ಯೆ ಮಗೀಗೆ ತಪ್ಪಿ ನನ್ ಸ್ಕೂಲಿಗೆ ಹಿಡೀತು" ಅಂದಳು.

ಅವನು ಮೆತ್ತಗೆ, "ನಂಗೆ ನೀವೇ ಒಂದು ಡೇಟ್ ಬರೆದು ಸೇರಿಸ್ಕೊಂಡಿದ್ರಿ, ಹಂಗೇ ಇವ್ಳಿಗೂ..." ಅಂತ ರಾಗ ಎಳೆದ. ಅತ್ತೆಗೆ ಸಿಟ್ಟು ಬಂತು. "ನೀನು ಯಾವಾಗ ಹುಟ್ಟಿದೆ ಅಂತ ನಿಮ್ಮವ್ವಂಗೇ ಗೊತ್ತಿರ್ಲಿಲ್ಲ, ಅದಕ್ಕೆ ಬರೆದೆ ಕಣ್ಲಾ. ಗೊತ್ತಿದ್ದೂ ಬರೆದ್ರೆ ಅದು ಸುಳ್ಳು" ಅಂದಳು. ಆದರೆ ಅವತ್ತು ರಾತ್ರಿ ಅವಳು ಊಟ ಮಾಡಲಿಲ್ಲವಂತೆ. ಫೋನಿನಲ್ಲಿ ಮಾವ ಹೇಳಿದರು.

ಮಾರನೇ ದಿನ ಮಗುವನ್ನೂ ಅಪ್ಪನನ್ನೂ ಹೊರಡಿಸಿಕೊಂಡು ಕುಣಿಗಲ್‌ನ ಶಿಕ್ಷಣ ಇಲಾಖೆ ಆಫೀಸಿಗೇ ಹೋದಳು. ಜೊತೆಗೆ ನಾನು. ಸಾಹೇಬರು ಒಳ್ಳೆಯವರು, ಕೂರಿಸಿ ಮಾತಾಡಿದರು. "ನಾನೇನು ಮಾಡ್ಲಿ ಮೇಡಂ? ಡೇಟ್ ಹಾಕಿದ್ರೆ ಕಂಪ್ಯೂಟರೇ ಬೇಡ ಅನ್ನುತ್ತೆ" ಅಂದರು.

"ಕಂಪ್ಯೂಟರ್‌ಗೆ ಕಿವಿ ಎಲ್ಲಿದೆ ಸಾರ್? ನೀವು ನೋಡಿ!" ಅಂತ ಅತ್ತೆ ಮಗುವನ್ನು ಟೇಬಲ್ ಮುಂದೆ ನಿಲ್ಲಿಸಿದಳು. ಅಜ್ಜಿ ಹುಡುಗಿಗೆ ಎರಡು ಜಡೆ ಹಾಕಿ, ಟೇಪು ಕಟ್ಟಿ, ಕನಕಾಂಬರ ಬೇರೆ ಮುಡಿಸಿದ್ದಳು. ಕೈ ಹೂವಿನವರೆಗೂ ಹೋಗಿ ನಿಂತುಬಿಟ್ಟಿತು. "ಹೂ ಅಡ್ಡ ಬಂತು ಸಾರ್, ಹೂ!" ಅಂತ ಅತ್ತೆ ಒದ್ದಾಡ್ತಿದ್ದರೆ, ಆ ಕಡೆ ಗುಮಾಸ್ತರೊಬ್ಬರು ತಮ್ಮ ಕೈ ತಲೆ ಮೇಲಿಂದ ಹಾಕಿ ನೋಡಿಕೊಂಡರು. ಅವರನ್ನು ನೋಡಿ ಇನ್ನೊಬ್ಬರು. ಕೊನೆಗೆ ಸಾಹೇಬರದ್ದೂ ಕೈ ಮೇಲೆ ಹೋಯಿತು. ಆಫೀಸಿಗೆ ಆಫೀಸೇ ಕಿವಿ ಹಿಡಿದುಕೊಂಡು ನಿಂತಿತ್ತು! ನಕ್ಕರು ಎಲ್ಲರೂ, ಆದರೆ ಕೆಲಸ ಆಗಲಿಲ್ಲ. ಅತ್ತೆ ಅಲ್ಲೇ ಕೂತು ಒಂದು ಅರ್ಜಿ ಬರೆದುಕೊಟ್ಟಳು. "ಸದರಿ ಮಗುವು ಅಮಾವಾಸ್ಯೆ ಪ್ರಯುಕ್ತ ತಡವಾಗಿ ಜನಿಸಿರುವುದರಿಂದ ಎರಡು ದಿನಗಳ ವಿನಾಯಿತಿ ನೀಡಬೇಕಾಗಿ ವಿನಂತಿ."

ವಾಪಸ್ ಬರುವಾಗ ಬಸ್ಸಿನಲ್ಲಿ ಮೂರ್ನಾಲ್ಕು ಮಕ್ಕಳಿದ್ದವು. ಅತ್ತೆ ಒಬ್ಬರ ಕಿವಿಯನ್ನೂ ನೋಡಲಿಲ್ಲ. ಕಿಟಕಿ ಕಡೆ ಮುಖ ಮಾಡಿ ಕೂತಿದ್ದಳು. ನನಗೆ ನಿಜವಾಗಿ ಭಯವಾಗಿದ್ದು ಆವಾಗಲೇ.

ಆಮೇಲೆ ಕೆಲವು ದಿನ ಕಳೆದಿರಬೇಕು. ನಾನು ಹಿರೇಹಳ್ಳಿಯ ಫ್ಯಾಕ್ಟರಿಯಲ್ಲಿ ಬಿಲ್ಲು ನೋಡ್ತಾ ಕೂತಿದ್ದೆ. ಫೋನು. "ಬಂತು ಕಣೇ! ಆರ್ಡರ್ ಬಂತು! ಈ ವರ್ಷದ ಮಟ್ಟಿಗೆ ವಯಸ್ಸು ಸಡಿಲ ಮಾಡವ್ರೆ! ಕಂಪ್ಯೂಟರ್ ಹೆಸ್ರು ತಗಂತು!" ಅಂತ ಕಿರುಚಿದಳು. ಆಮೇಲೆ ಮೂಗು ಸೀಟೋ ಸದ್ದು ಕೇಳಿಸಿತು. ಅಳ್ತಿದ್ದಳು ಅಂತ ಕಾಣುತ್ತೆ. ಅಬ್ಬಾ, ನನ್ನ ಎದೆ ಮೇಲಿದ್ದ ಕಲ್ಲೂ ಇಳೀತು ನೋಡಿ! ರಾಜ್ಯದ ಎಷ್ಟೋ ತಂದೆತಾಯಿಗಳು ಕೇಳಿ ಕೇಳಿ ಆದ ಸಡಿಲಿಕೆ ಅದು. ಆದರೆ ನಮ್ಮತ್ತೆ ಇವತ್ತಿಗೂ ನಂಬಿರೋದು, "ಬೆಂಗಳೂರಲ್ಲಿ ಯಾರೋ ನನ್ ಅಮಾವಾಸ್ಯೆ ಅರ್ಜಿ ಓದವ್ರೆ" ಅಂತ. ಇರಲಿ, ಯಾಕೆ ಬಿಡಿಸಿ ಹೇಳಬೇಕು?

ಶಾಲೆ ಶುರುವಾದ ದಿನ ರಜೆ ಹಾಕಿ ಹೋದೆ. ಬಾಗಿಲಿಗೆ ಮಾವಿನ ತೋರಣ, ಒಲೆ ಮೇಲೆ ಪಾಯಸ. ಹತ್ತನೇ ಮಗು ಹೊಸ ಬ್ಯಾಗು ಹಾಕಿಕೊಂಡು, ಜಡೆ ಇಲ್ಲದೆ, ಹೂವಿಲ್ಲದೆ, ತಲೆ ಬಾಚಿಕೊಂಡು ನಿಂತಿತ್ತು. ಹೆಸರು ಆಗಲೇ ಸೇರಿದೆ, ಇನ್ನು ಪರೀಕ್ಷೆ ಯಾಕೆ ಬೇಕು? ಆದರೂ ಅತ್ತೆ ಬಿಡಲಿಲ್ಲ. "ಎಲ್ಲಿ ಪುಟ್ಟಿ, ಕಿವಿ ಮುಟ್ಟು" ಅಂದಳು. ಕೈ ತಲೆ ದಾಟಿ ಇಳಿಯಿತು. ಒಂದು ಬೆರಳಷ್ಟು ಸಾಲಲಿಲ್ಲ. ಹೂವಿನದ್ದು ತಪ್ಪಿರಲಿಲ್ಲ. ಮಗುವಿನ ತುಟಿ ಅದುರಿತು.

ಅತ್ತೆ ಮಗುವಿನ ಎಡಗೆನ್ನೆಗೆ ಅಂಗೈ ಕೊಟ್ಟು, ತಲೆಯನ್ನು ಮೆಲ್ಲಗೆ ಬಲಕ್ಕೆ ವಾಲಿಸಿ, ಕಿವಿಯ ತುದಿಯನ್ನು ತಾನೇ ಆ ಬೆರಳಿಗೆ ತಾಗಿಸಿದಳು. "ನೋಡಿ, ಮುಟ್ತು!" ಅಂತ ಎಲ್ಲರಿಗೂ ಕೂಗಿ ಹೇಳಿದಳು.

ನನಗೆ ಆ ಅಂಗೈ ಗೊತ್ತಿತ್ತು. ಅಮ್ಮ ತೀರಿಹೋದ ವರ್ಷ, ಮನೆಯಲ್ಲಿ ನನ್ನ ನೋಡಿಕೊಳ್ಳೋರು ಯಾರೂ ಇಲ್ಲದಾಗ, ಆಗತಾನೇ ಕೆಲಸಕ್ಕೆ ಸೇರಿದ್ದ ಅತ್ತೆ ನನ್ನನ್ನು ಇದೇ ಬಾಗಿಲಲ್ಲಿ ಹೆಡ್‌ಮಾಸ್ಟರ ಮುಂದೆ ನಿಲ್ಲಿಸಿದ್ದಳು. ಸೀಮೆಸುಣ್ಣ ಮೆತ್ತಿದ ಕೈ ನನ್ನ ಕೆನ್ನೆ ಮೇಲಿತ್ತು. ಇಷ್ಟು ವರ್ಷ ನಾನೇ ಮುಟ್ಟಿದೆ ಅಂದುಕೊಂಡಿದ್ದೆ.

"ಏನೇ ಅಲ್ಲೇ ಕಿವಿ ಹಿಡ್ಕೊಂಡು ನಿಂತಿದೀಯ?" ಅಂದಳು ಅತ್ತೆ. "ಬಾ, ಹತ್ತು ತಟ್ಟೆ ಇಡು."